ಸಾಹೇಬರು ತೆಗೆದ ಸ್ಯಾಂಪಲ್

ನಮ್ಮೂರ ಡೇರಿಯಲ್ಲಿ ಇಪ್ಪತ್ತು ವರ್ಷದಿಂದ ಹಾಲಿನ ಸ್ಯಾಂಪಲ್ ತೆಗೆಯುವವನು ಪುಟ್ಟಮಾದಯ್ಯ. ಏಳನೇ ಕ್ಲಾಸಿನಲ್ಲಿ ಮೂರು ಸಲ ಡುಮ್ಕಿ ಹೊಡೆದವನು, ಅದನ್ನು ತಾನೇ ಎಲ್ಲರಿಗೂ ಹೇಳಿಕೊಂಡು ನಗುವವನು. ಇನ್ನು ಮೇಲೆ ಸ್ಯಾಂಪಲ್ ತೆಗೆಯುವವರಿಗೂ ಸರ್ಟಿಫಿಕೇಟ್ ಇರಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಸರ್ಕಾರದ ಹುಕುಂ ಬಂತು. ಹಿಂದೆಯೇ ಪರೀಕ್ಷೆ ಮಾಡುವ ಸಾಹೇಬರೂ ಬಂದರು.

ಸಾಹೇಬರು ತುಂಬಿದ ಹಾಲಿನ ಕ್ಯಾನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಒಂದು ಗಂಟೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರು. ಪುಟ್ಟಮಾದಯ್ಯ ಒಂದು ಗಂಟೆ ತಲೆ ಕೆರೆದುಕೊಂಡ. ತಲೆ ಕೆರೆದುಕೊಂಡಿದ್ದಕ್ಕೆ ಶುಚಿತ್ವದ ಅಂಕವೂ ಹೋಯಿತು.

"ಫೇಲು" ಎಂದು ಬರೆದ ಸಾಹೇಬರು, "ಸ್ಯಾಂಪಲ್ ಹೇಗೆ ತೆಗೀಬೇಕು ನೋಡಿ ಕಲಿ" ಎನ್ನುತ್ತ ಕ್ಯಾನಿನ ಮೇಲಿಂದಲೇ ಒಂದು ಸೌಟು ಹಾಲೆತ್ತಿ ಮೆಷಿನ್ನಿಗೆ ಹಾಕಿದರು. ಸೀಮೆಹಸುವಿನ ಹಾಲು ಎಮ್ಮೆಯನ್ನೂ ಮೀರಿಸಿ ಹತ್ತು ಫ್ಯಾಟ್ ತೋರಿಸಿತು. ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ, ಫ್ಯಾಟ್ ಲೆಕ್ಕದಲ್ಲೇ ದುಡ್ಡು ಪಡೆಯುವ ಹೆಂಗಸರು, "ಇನ್ಮೇಲೆ ನೀವೇ ತೆಗೀರಿ ಸ್ವಾಮಿ" ಎಂದರು.

ಸಾಹೇಬರು ಮೆಲ್ಲಗೆ ಬಗ್ಗಿ, "ಯಾಕಯ್ಯಾ ಹೀಗಾಯ್ತು?" ಎಂದು ಕೇಳಿದರು.

"ಫೇಲಾದವನಿಗೆ ಏನು ಗೊತ್ತಾಗುತ್ತೆ ಸಾರ್."

ಸಾಹೇಬರು ಫೇಲು ಹೊಡೆದುಹಾಕಿ, ಪಾಸು ಎಂದು ಬರೆದು, ಸಹಿ ಹಾಕಿದರು.

ಪುಟ್ಟಮಾದಯ್ಯ ಶಾಯಿ ಆರುವ ತನಕ ಕಾದು ಹೇಳಿದ: "ಕೆನೆ ಮೇಲೆ ಕೂತಿರುತ್ತೆ ಸಾರ್, ಮೊದಲು ಚೆನ್ನಾಗಿ ಕಲಕಬೇಕು. ನನಗೆ ಬರೋದು ಅದೊಂದೇ. ನೀವು ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದ್ರಿ."