ಇಬ್ಬನಿ ಏರುವ ಹುಳ

ಯಾವುದೋ ಕಾಲದಲ್ಲಿ, ಕೆರೆ ಪಕ್ಕದ ಒಂದು ಹಟ್ಟಿಯಲ್ಲಿ ಚಿತ್ತಕ್ಕ ಅನ್ನುವವಳಿದ್ದಳಂತೆ. ಅವಳಿಗೊಂದು ಅಭ್ಯಾಸ. ಬೆಳಗ್ಗೆ ರೊಪ್ಪದಿಂದ ಆಡು ಬಿಡುವಾಗ ಒಂದೊಂದರ ಕೆಳರೆಪ್ಪೆಯನ್ನೂ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡುವಳಂತೆ.

"ಏನೇ, ಹೆಣ್ಣು ನೋಡೋಕೆ ಬಂದ ಅತ್ತೆ ಥರ! ಬಿಡು ಬಿಡು, ಹೊತ್ತಾಯ್ತು," ಅಂತ ಗಂಡ ಕಾಟಯ್ಯ ಅವಸರ ಮಾಡುವನಂತೆ. ಸೂರ್ಯ ಹುಟ್ಟುವ ಮೊದಲೇ ಕೆರೆಯಂಗಳದ ಎಳೆ ಹುಲ್ಲಿಗೆ ಯಾರ ಮಂದೆ ಬಾಯಿ ಹಾಕುತ್ತೋ ಅವರೇ ಆ ಹಟ್ಟಿಯ ಗಟ್ಟಿಗರು. ಕಾಟಯ್ಯನ ಮಂದೆ ದಿನಾ ಮೊದಲು.

ಹೀಗಿರಲು ಆ ವರ್ಷ ಕೆಂಪಗಿದ್ದ ರೆಪ್ಪೆಗಳು ಸುಣ್ಣದ ಹಾಗೆ ಬಿಳಚಿದವು. ಗದ್ದದಡಿ ನೀರು ತುಂಬಿ ಜೋತಿತು. ಮರಿಗಳು ಬಿದ್ದಲ್ಲೇ ಸತ್ತವು. ಕೊನೆಗೆ ಕರಿಯಕ್ಕ ಅನ್ನುವ ಆಡೂ ಮಲಗಿಬಿಟ್ಟಿತು. ಚಿತ್ತಕ್ಕನ ಎದೆಯಲ್ಲಿ ಹಾಲಿರಲಿಲ್ಲ. ಅವಳ ಕೂಸು ಬದುಕಿದ್ದೇ ಕರಿಯಕ್ಕನ ಹಾಲಿನಲ್ಲಂತೆ.

ಚಿತ್ತಕ್ಕ ಆಡಿನ ಹೊಟ್ಟೆಗೆ ಕಿವಿಯಿಟ್ಟಳು. ಒಳಗೆ ಯಾರೋ ಚಪ್ಪರಿಸುವ ಸದ್ದು.

"ಯಾರೋ ಅದು?"

"ನಾನು, ಹುಳಗಳ ದೊರೆ. ರಕ್ತ ಕುಡೀತಿದ್ದೀನಿ."

"ಕೈಯಿಲ್ಲ, ಕಾಲಿಲ್ಲ, ದೊರೆಯಂತೆ ದೊರೆ! ಯಾರೋ ಪಾಪ ಅಂತ ಎತ್ತಿ ಒಳಗೆ ಹಾಕಿರಬೇಕು."

ಹುಳಕ್ಕೆ ರೋಷ ಬಂತಂತೆ. "ನಮ್ಮನ್ನ ಯಾರು ಎತ್ತಬೇಕು? ಹಿಕ್ಕೆಯ ಜೊತೆ ಮೊಟ್ಟೆಯಾಗಿ ಹುಲ್ಲಿಗೆ ಬೀಳ್ತೀವಿ, ಅಲ್ಲೇ ಮರಿಯಾಗ್ತೀವಿ. ಇಬ್ಬನಿ ಬಿದ್ದರೆ ಅದನ್ನೇ ಹಿಡಿದು ಹುಲ್ಲಿನ ತುದಿಗೆ ಏರಿ ಕೂರ್ತೀವಿ. ಬಿಸಿಲು ಬಂದರೆ ಬುಡಕ್ಕೆ ಇಳೀಬೇಕು. ಆದರೆ ನಿನ್ನ ಗಂಡ ಅಲ್ಲೀವರೆಗೂ ಕಾಯಿಸೋದಿಲ್ಲ, ಪುಣ್ಯಾತ್ಮ!"

ಚಿತ್ತಕ್ಕ ಎದ್ದು ಬಂದಳು. ಮರುದಿನ ರೊಪ್ಪದ ಬಾಗಿಲಿಗೆ ಅಡ್ಡ ಕೂತಳು.

"ಏಳೇ! ಪಕ್ಕದ ಮನೆಯವರು ಆಗಲೇ ಹೊರಟರು. ನನ್ನ ಮಾನ ಕಳೀತೀಯ?" ಅಂದ ಕಾಟಯ್ಯ.

"ಮಾನ ಕುಡಿದು ಕೂಸು ಬೆಳೆಯುತ್ತಾ?"

ಕಾಟಯ್ಯ ಹೆಗಲ ವಸ್ತ್ರ ಕೊಡವಿ ಕಟ್ಟೆ ಮೇಲೆ ಕೂತನಂತೆ. ಬಿಸಿಲೇರಿ ಇಬ್ಬನಿ ಆರಿದ ಮೇಲೆ ಅವಳು ಮಂದೆಯನ್ನು ಗುಡ್ಡಕ್ಕೆ ಹೊಡೆದಳು. ಅಲ್ಲಿ ಹುಲ್ಲಿಲ್ಲ, ಬರೀ ಎತ್ತರದ ಜಾಲಿ ಸೊಪ್ಪು. ಏಳಲಾರದ ಕರಿಯಕ್ಕನಿಗೆ ಸೊಪ್ಪು ಕಡಿದು ತಂದು ಹಾಕಿದಳು. ಹಟ್ಟಿಯೆಲ್ಲ ನಕ್ಕಿತು. ದಿನ ಹೋಯಿತು, ವಾರ ಹೋಯಿತು. ಹೊಟ್ಟೆಗೆ ಹೊಸ ಹುಳ ಬರಲಿಲ್ಲ, ಹಳೆಯವು ಮುದಿಯಾಗಿ ಉದುರಿದವು. ಅಷ್ಟರೊಳಗೆ ಮತ್ತೂ ಕೆಲವು ಆಡು ಸತ್ತವು. ಆದರೆ ಕರಿಯಕ್ಕ ಎದ್ದಿತು, ಕೆಚ್ಚಲು ತುಂಬಿತು, ಕೂಸು ಕುಡಿಯಿತು. ನಕ್ಕವರೂ ಒಬ್ಬೊಬ್ಬರೇ ಬಿಸಿಲು ಕಾಯತೊಡಗಿದರಂತೆ.

ಅವರ ಆಡು ಆ ಗುಡ್ಡದಲ್ಲಿ, ನಮ್ಮ ಮಾತು ಈ ಜಗಲಿಯಲ್ಲಿ. ಈಗಲೂ ನಸುಕಿನಲ್ಲಿ ಕೆರೆಯಂಗಳದ ಹುಲ್ಲಿನ ತುದಿಯಲ್ಲಿ ಹುಳಗಳು ಹಸಿದು ಕೂತು ಕೂಗುತ್ತವಂತೆ: "ಚಿತ್ತಕ್ಕಾ, ತಾಯೀ, ಒಂದೇ ಒಂದು ಆಡಿನ ಮರಿನಾದ್ರೂ ಮೇಯೋಕೆ ಬಿಡಮ್ಮಾ!"