ಕಾದ ಬಂಡೆಯ ಮೇಲೆ ಕಪ್ಪೆ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ದಡದ ತುಂಬ ಉರುಟು ಕಲ್ಲುಗಳು. ಆ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿ ಚಂದ್ರವ್ವ ತನ್ನ ಮರಿಯೊಂದಿಗೆ ಇದ್ದಳು. ಪಕ್ಕದ ಕೆಸರಿನಲ್ಲಿ ಡುಬ್ಬಣ್ಣ ಎಂಬ ದೊಡ್ಡ ಕಪ್ಪೆ. ಅಕ್ಕಪಕ್ಕದವರು ಅಂದಮೇಲೆ ಕೇಳಬೇಕೇ? ದಿನಾ ಮಾತು, ದಿನಾ ಜಗಳ.

ಒಂದು ಬೆಳಗ್ಗೆ ಚಂದ್ರವ್ವ ಹುಳು ಹೆಕ್ಕಿಕೊಂಡು ಬಂದು ನೋಡಿದರೆ ಮರಿ ಕಾಣಿಸಲಿಲ್ಲ.

"ಅಯ್ಯಯ್ಯೋ, ನನ್ನ ಕೂಸನ್ನು ಯಾರೋ ನುಂಗಿದರು!" ಎಂದು ಅವಳು ಕೆರೆಯ ಮೇಲೆಲ್ಲ ಹಾರಾಡಿ ಕಿರುಚಿದಳು. ಆ ಕಿರುಚಾಟಕ್ಕೆ ಹೆದರಿ ಡುಬ್ಬಣ್ಣನ ಮೈ ಉಬ್ಬಿತು. ಹೆದರಿದರೆ ಉಬ್ಬುವುದು ಕಪ್ಪೆಯ ಹುಟ್ಟುಗುಣ.

"ನೋಡಿ ಅವನ ಹೊಟ್ಟೆ! ಮರಿ ಅದರೊಳಗೇ ಇದೆ!" ಎಂದು ಕೂಗಿದ ಕೆಂಗಣ್ಣ. ಇವನು ಬಂಡೆಯ ಮೇಲಿನ ಓತಿಕ್ಯಾತ, ಆ ಕೆರೆಯ ಕಾವಲುಗಾರ.

ಅಲ್ಲೊಂದು ಕಟ್ಟಳೆ ಇತ್ತು. ಯಾರ ಮೇಲೆ ದೂರು ಬಂದರೂ ಮಧ್ಯಾಹ್ನ ನೀರಿಗೆ ಬರುವ ಆನೆ ಗೌರಜ್ಜಿ ಎರಡೂ ಕಡೆಯ ಮಾತು ಕೇಳಬೇಕು. ಅಲ್ಲಿಯ ತನಕ ದೂರು ಹೊತ್ತವನು ಓಡಿಹೋಗದಂತೆ ಕಾಯಬೇಕು, ಅಷ್ಟೇ. ಅವನ ಕೂದಲೂ ಕೊಂಕಬಾರದು.

ಕೆಂಗಣ್ಣ ಮಾಡಿದ್ದೇನು ಗೊತ್ತೇ? ಡುಬ್ಬಣ್ಣನನ್ನು ಸುಡುವ ಬಂಡೆಯ ಮೇಲೆ ಕೂರಿಸಿ, ಸುತ್ತಲೂ ಮುಳ್ಳು ಒಟ್ಟಿಸಿದ!

ಆಮೆ ಪುಟ್ಟಕ್ಕ ಬಂಡೆಯ ಹತ್ತಿರಕ್ಕೆ ತೆವಳಿ ಬಂದಳು. "ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ ಕಣೋ. ಒಂದು ಒದ್ದೆ ಎಲೆಯಾದರೂ ಹೊದಿಸು."

"ಕೊಲೆಗಾರನಿಗೆ ಉಪಚಾರ ಬೇರೆ ಕೇಡು! ನಾನು ಹುಟ್ಟಿದಾಗಿನಿಂದ ಈ ಬಂಡೆಯ ಮೇಲೇ ಇದ್ದೇನೆ. ನನಗೇನಾಗಿದೆ?"

"ನಿನ್ನ ಮೈ ಬೇರೆ, ಅವನ ಮೈ ಬೇರೆ."

"ಹಾಗಾದರೆ ತಪ್ಪು ಒಪ್ಪಿಕೊಳ್ಳಲಿ, ನೀರು ಕೊಡುತ್ತೇನೆ."

"ತಿನ್ನದೇ ಇದ್ದದ್ದನ್ನು ಹೇಗೆ ಒಪ್ಪಿಕೊಳ್ಳಲಣ್ಣಾ?" ಎಂದ ಡುಬ್ಬಣ್ಣ. "ಗೌರಜ್ಜಿ ಬರಲಿ, ಎಲ್ಲ ಹೇಳುತ್ತೇನೆ. ಈಗ ಒಂದು ಹನಿ ನೀರು ಕೊಡಣ್ಣಾ."

ಕೆಂಗಣ್ಣ ತಲೆ ಆಡಿಸಿದ. ನೀರು ಬರುತ್ತದೆ ಎಂದು ಡುಬ್ಬಣ್ಣ ಆಸೆಯಿಂದ ಕಾದ. ಓತಿಕ್ಯಾತ ಸುಮ್ಮಸುಮ್ಮನೆ ತಲೆ ಆಡಿಸುತ್ತದೆ ಎಂಬುದು ಪಾಪ, ಅವನಿಗೆ ಹೊಳೆಯಲಿಲ್ಲ. ಕೆರೆ ಕಣ್ಣೆದುರಿಗೇ ಇತ್ತು! ಮೊಲ, ಅಳಿಲು, ಕೊಕ್ಕರೆ ಎಲ್ಲ ಸುತ್ತ ನಿಂತು ನೋಡಿದವು. ಪುಟ್ಟಕ್ಕ ಒದ್ದೆ ಎಲೆ ಕಚ್ಚಿಕೊಂಡು ಬಂದರೆ ಕೆಂಗಣ್ಣ ಅದನ್ನು ಕಿತ್ತೆಸೆದ. ಉಳಿದವರು ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಧ್ಯಾಹ್ನ ಗೌರಜ್ಜಿ ಬಂದಳು. ದೂರು ಕೇಳಿ, "ಇನ್ನು ಎಲ್ಲರೂ ಬಾಯಿ ಮುಚ್ಚಿ. ಚಂದ್ರವ್ವಾ, ನೀನೂ. ಈಗ ಡುಬ್ಬಣ್ಣ ಮಾತಾಡಲಿ" ಎಂದಳು.

ಬೆಳಗಿನಿಂದ ಒಂದೇ ಸಮನೆ ಕಿರುಚುತ್ತಿದ್ದ ಚಂದ್ರವ್ವ ಆಗ ಸುಮ್ಮನಾದಳು. ದಡದಲ್ಲಿ ಕಲ್ಲೊಂದು ಎದ್ದು ನಿಂತಂತಾಯಿತು. ಅದು ಕಲ್ಲಲ್ಲ, ಕಲ್ಲಿನದೇ ಬಣ್ಣದ ಮರಿ!

"ಅವ್ವಾ, ಈಗ ಏಳಲಾ? ನೀನು ಕಿರುಚುತ್ತಿರುವಷ್ಟು ಹೊತ್ತೂ ಅಲ್ಲಾಡಬಾರದು ಅಂದಿದ್ದೆಯಲ್ಲಾ?" ಎಂದಿತು ಮರಿ.

ಎಲ್ಲರಿಗೂ ಸಿಡಿಲು ಬಡಿದಂತಾಯಿತು.

"ಡುಬ್ಬಣ್ಣಾ, ನಿನ್ನದೇನೂ ತಪ್ಪಿಲ್ಲ. ಇಳಿದು ಬಾ ಮಗನೇ" ಎಂದಳು ಗೌರಜ್ಜಿ. ಅವನು ಮಿಸುಕಲಿಲ್ಲ. ಅವಳು ಮುಳ್ಳು ಸರಿಸಿ, ಸೊಂಡಿಲ ತುಂಬ ನೀರು ತಂದು ಸುರಿದಳು. ನೀರೆಲ್ಲ ಬಂಡೆಯಿಂದ ಹರಿದು ಹೋಯಿತು. ಡುಬ್ಬಣ್ಣನಲ್ಲಿ ಉಸಿರಿರಲಿಲ್ಲ.

"ನಾನು ಹೊಡೆಯಲಿಲ್ಲ ಅಜ್ಜೀ, ಬರೀ ಕಾದೆ" ಎಂದು ಕೆಂಗಣ್ಣ ತೊದಲಿದ.

"ಈ ಕೆರೆಯಲ್ಲಿ ಇವತ್ತು ಹೋದದ್ದು ಒಂದೇ ಜೀವ. ಅದು ನಿನ್ನ ಕಾವಲಿನಲ್ಲಿ ಹೋಯಿತು."

"ಇವನನ್ನು ನೀರಿಗೆ ನೂಕಿ! ಮುಳುಗಿಸಿ!" ಎಂದು ಎಲ್ಲ ಪ್ರಾಣಿಗಳೂ ಕೂಗಿದವು. ಬೆಳಗಿನಿಂದ ಬಾಯಿ ಬಿಡದಿದ್ದವೂ ಕೂಗಿದವು.

ಗೌರಜ್ಜಿ ನೆಲ ಅದುರುವಂತೆ ಹೆಜ್ಜೆ ಊರಿದಳು. "ಮುಟ್ಟಿದರೆ ಜೋಕೆ! ನಾಳೆ ಇವನ ಮಾತನ್ನೂ ಕೇಳುತ್ತೇನೆ. ಅಲ್ಲಿಯ ತನಕ ಪುಟ್ಟಕ್ಕ ಕಾಯಲಿ. ಇವನ ಮೈಗೆ ಬಿಸಿಲು ಬೇಕು, ಬಿಸಿಲಿರುವ ಕಡೆ ಇರಿಸಿ. ಹೊಟ್ಟೆಗೆ ಹುಳು ಕೊಡಿ."

"ಇಂಥವನಿಗೂ ಹುಳುವೇ ಅಜ್ಜೀ?" ಎಂದಳು ಚಂದ್ರವ್ವ ಅಳುತ್ತಾ.

"ಇಂಥವನಿಗೂ" ಎಂದಳು ಗೌರಜ್ಜಿ.

ನೀತಿ: ದೂರು ಹೊತ್ತ ಮಾತ್ರಕ್ಕೆ ಯಾರೂ ಅಪರಾಧಿಯಲ್ಲ; ಕಾವಲಿನಲ್ಲಿರುವವನ ಪ್ರಾಣಕ್ಕೆ ಕಾಯುವವನೇ ಹೊಣೆ.