ಕಾಡುಬೆಕ್ಕು ಹಾಕಿದ ಷರತ್ತು

ಕಾನೂನು ಕಾಲೇಜಿನ ಕಿಟಕಿಯ ಮೇಲೆ ಮೂರು ವರ್ಷ ಕೂತು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಪಾಠ ಕೇಳಿದ ಹೇಂಟೆಯೊಂದು ಪ್ರಾಣಿಗಳಿಗೂ ಒಂದು ಒಪ್ಪಂದ ಬರೆಯಿತು: 'ಪ್ರತಿ ಜೀವಿಗೂ ಬದುಕುವ ಹಕ್ಕಿದೆ. ಯಾರೂ ಯಾರನ್ನೂ ಕಚ್ಚತಕ್ಕದ್ದಲ್ಲ.'

ಎಲ್ಲರಿಗಿಂತ ಮೊದಲು ಬಂದು ಸಹಿ ಹಾಕಿದ್ದು ಕಾಡುಬೆಕ್ಕು. ಸಹಿಯ ಕೆಳಗೆ ಅದು ಸಣ್ಣ ಅಕ್ಷರದಲ್ಲಿ ಒಂದು ಷರತ್ತು ಸೇರಿಸಿತು: 'ನನಗೆ ಹಸಿವಾದಾಗ ಇದು ಅನ್ವಯಿಸುವುದಿಲ್ಲ.'

"ಹೀಗೂ ಬರೆಯಬಹುದೇನಮ್ಮ?" ಎಂದು ಮುದಿ ಹುಂಜ ಕೇಳಿತು.

"ಬರೆಯಬಹುದು ತಾತ. ದೊಡ್ಡ ದೊಡ್ಡ ದೇಶಗಳೇ ಹೀಗೆ ಬರೆಯುತ್ತವೆ."

"ಅದು ನಮ್ಮಲ್ಲೊಬ್ಬರನ್ನು ತಿಂದರೆ?"

"ಒಪ್ಪಂದ ನೋಡಿಕೊಳ್ಳುವ ಮಂಡಳಿ ಕಳವಳ ವ್ಯಕ್ತಪಡಿಸುತ್ತದೆ. ಇನ್ನೊಬ್ಬರನ್ನು ತಿಂದರೆ ತೀವ್ರ ಕಳವಳ."

"ಮೂರನೆಯವರನ್ನೂ ತಿಂದರೆ?"

"ಆ ಪಾಠದ ದಿನ ಕಿಟಕಿ ಮುಚ್ಚಿತ್ತು, ತಾತ."

ಹುಂಜದ ಮುಖ ನೋಡಲಾರದೆ ಹೇಂಟೆ ಒಪ್ಪಂದವನ್ನು ಇನ್ನೊಮ್ಮೆ ಓದಿತು. ಆಮೇಲೆ ಮನೆಯ ನಾಯಿಯನ್ನು ಕರೆದು, ಒಪ್ಪಂದದ ಮೇಲೆ ಅದರ ಪಂಜದ ಗುರುತು ಒತ್ತಿಸಿತು. ಕೆಳಗೆ ನಾಯಿಯ ಪರವಾಗಿ ತಾನೇ ಒಂದು ಷರತ್ತು ಬರೆಯಿತು: 'ಕಾಡುಬೆಕ್ಕಿನ ವಿಷಯದಲ್ಲಿ ಇದು ಅನ್ವಯಿಸುವುದಿಲ್ಲ.'

ಮರುದಿನ ಬೆಳಗ್ಗೆ ಹಸಿದು ಬಂದ ಕಾಡುಬೆಕ್ಕು ಗೂಡಿನ ಬಾಗಿಲಲ್ಲಿ ನಿಂತು ತನ್ನ ಷರತ್ತನ್ನು ಗಂಭೀರವಾಗಿ ಓದಿ ಹೇಳಿತು. ನಾಯಿಗೆ ಓದು ಬರುತ್ತಿರಲಿಲ್ಲ. ಅದು ನೇರವಾಗಿ ಬಾಲಕ್ಕೆ ಬಾಯಿ ಹಾಕಿತು.

ಅರ್ಧ ಬಾಲ ಬಿಟ್ಟು ಹಲಸಿನ ಮರ ಹತ್ತಿದ ಕಾಡುಬೆಕ್ಕು ತುದಿಕೊಂಬೆಯಿಂದ ಬಹಳ ವಿನಯವಾಗಿ ಕೇಳಿತು: "ಅಕ್ಕಾ, ಷರತ್ತು ಹಿಂದಕ್ಕೆ ತೆಗೆದುಕೊಳ್ಳುವುದಾದರೆ ಎಲ್ಲಿ ಸಹಿ ಹಾಕಬೇಕು?"

"ಇಲ್ಲೇ ಕೆಳಗೆ, ನಾಯಿಯ ಪಕ್ಕದಲ್ಲಿ," ಎಂದಿತು ಹೇಂಟೆ.